ಸ್ಟೆಂಟ್ ಹಾಕಿದ್ದು ಯಾರಿಗೆ, ಹೇಳಿದ್ದು ಯಾರಿಗೆ?

ಸ್ಟೆಂಟ್ ಅಂದಕೂಡ್ಲೆ ನಮ್ಮ ಮಂದಿಗೆ ಹಾರ್ಟ್ ನೆನಪಾಗ್ತದ. ಒಬ್ಬರ ಮಾವಗ ಎರಡು ಹಾಕ್ಯಾರ, ಇನ್ನೊಬ್ಬರ ಕಾಕಾಗ ಮೂರು ಹಾಕ್ಯಾರ, ಒಮ್ಮೆ ಹಾಕಿದ್ರ ಅದು ಜೀವ ಇರೋತನಕ ಒಳಗೇ ಇರ್ತದ ಅಂತ ಎಲ್ಲರಿಗೂ ಗೊತ್ತು. ಹಾರ್ಟಿನ ಸ್ಟೆಂಟಿಗೆ ಈ ಮಾತು ಖರೆ. ಕಿಡ್ನಿ ಹರಳು ತೆಗೆದಮ್ಯಾಲೆ ಹಾಕೋ ಸ್ಟೆಂಟ್ ಬ್ಯಾರೇನ ಜಾತಿದು. ಅದನ್ನ ಹಾಕೋವಾಗನ ತೆಗಿಯೋ ಲೆಕ್ಕಾ ಇಟ್ಕೊಂಡಿರ್ತಾರ. ಕೆಲವರಿಗೆ ಒಂದು ವಾರ, ಕೆಲವರಿಗೆ ಮೂರು ವಾರ, ಕೆಲವರಿಗೆ ಆರು ವಾರ. ಎರಡಕ್ಕೂ ಒಂದೇ ಹೆಸರು ಇದ್ದದ್ದಕ್ಕ ನಮ್ಮ ಓಣ್ಯಾಗಂತೂ ಭಾಳ ಗೊಂದಲ ಆಗ್ಯದ. ‘ಸ್ಟೆಂಟ್ ಹಾಕ್ಯಾರಂತ, ಇನ್ನ ಚಿಂತಿ ಇಲ್ಲ ಬಿಡ್ರಿ’ ಅಂತ ಮಾತಾಡಸಲಿಕ್ಕೆ ಬಂದವರು ಧೈರ್ಯಾ ಹೇಳಿ ಹೋಗ್ತಾರ.

ನಾ ಹೇಳೋದು ಇಷ್ಟ. ಈ ನಳಿ ಬಗ್ಗೆ ಹೇಳೋ ಮಾತು, ನಳಿ ಯಾರ ಮೈಯಾಗ ಅದನೋ ಅವರ ಕಿವಿಗೇ ಬೀಳಬೇಕು. ಅವರ ಭಾಷಾದಾಗ, ಅವರು ದವಾಖಾನಿ ಬಾಗಲಾ ದಾಟೋದರೊಳಗ. ಗಂಡಗ ಹೇಳಿದ್ರ, ಮಗಗ ಹೇಳಿದ್ರ, ಕಾರ್ಡಿನ್ಯಾಗ ಬರದ್ರ ಅಕಿಗೆ ಹೇಳಿದಂಗ ಆಗಂಗಿಲ್ಲ. ನಮ್ಮ ಮನಿಗಳಾಗ ಹೆಣ್ಣುಮಕ್ಕಳ ಆಪರೇಶನ್ ಆದಾಗ ಅಕಿ ಒಬ್ಬಾಕಿನ್ನ ಬಿಟ್ಟು ಉಳಿದವರಿಗೆಲ್ಲಾ ಸುದ್ದಿ ಗೊತ್ತಿರ್ತದ.

ನಮ್ಮ ದೊಡ್ಡ ವೈನಿಯವರಿಗೆ ಈ ವರ್ಷ ಬ್ಯಾಸಿಗ್ಯಾಗ ಎಡಗಡೆ ಹರಳಿನ ಆಪರೇಶನ್ ಆತು. ಹೊಟ್ಟಿ ಕೊಯ್ಯಲಿಲ್ಲ, ಮೂತ್ರದ ದಾರಿಯಿಂದನ ದುರ್ಬೀನು ಹಾಕಿ ಲೇಸರ್‌ಲೆ ಪುಡಿ ಮಾಡಿ ತೆಗೆದ್ರು. ಮೂರನೇ ದಿನಾ ಮನಿಗೆ ಬಂದ್ರು. ಬರೋವಾಗ ಡಾಕ್ಟರು ಅಣ್ಣಗ ಮತ್ತ ಅವನ ಮಗಗ ಅರ್ಧಾ ಇಂಗ್ಲಿಷಿನ್ಯಾಗ ಎಲ್ಲಾ ತಿಳಿಸಿ ಹೇಳ್ಯಾರ. ವೈನಿ ಅಷ್ಟೊತ್ತಿಗೆ ದವಾಖಾನಿ ಗೌನು ಬಿಚ್ಚಿ ಸೀರಿ ಉಟ್ಕೊಳ್ಳಿಕ್ಕೆ ಹೋಗಿದ್ರು. ಕಾರ್ಡಿನ್ಯಾಗ ‘ಡಿಜೆ ಸ್ಟೆಂಟ್ ರಿಮೂವಲ್ ಆಫ್ಟರ್ ತ್ರೀ ವೀಕ್ಸ್’ ಅಂತ ಒಂದು ಸಾಲು ಇತ್ತು. ಅದನ್ನ ವೈನಿ ಓದಲಿಲ್ಲ, ಅವರ ಕೈಗೆ ಯಾರೂ ಕೊಡಲೂ ಇಲ್ಲ. ಬಿಲ್ಲು, ಸ್ಕ್ಯಾನು ಎಲ್ಲಾ ಸೇರಿ ಒಂದು ಪ್ಲಾಸ್ಟಿಕ್ ಚೀಲದಾಗ ಟ್ರೆಜರಿ ಸೇರಿತ್ತು.

ಆರನೇ ದಿನಾ ನಾ ಹೋದಾಗ ವೈನಿ ಅಡಗಿಮನಿ ಬಾಗಲಾ ಮುಂದ ಮಾಡಿ, ‘ನನ್ನ ಆಪರೇಶನ್ ಫೇಲ್ ಆಗ್ಯದವಾ, ನಿಮ್ಮ ಅಣ್ಣನ ಮುಂದ ಹೇಳಬ್ಯಾಡ’ ಅಂದ್ರು. ತಾಸಿಗೊಮ್ಮೆ ಮೂತ್ರಕ್ಕ ಓಡಬೇಕು, ರಾತ್ರಿ ನಿದ್ದಿಲ್ಲ, ಕೂತಾಗೊಮ್ಮೆ ಎಡಮಗ್ಗಲಿಗೆ ಚಳಕ್ ಅಂತದ, ನೀರು ಗುಲಾಬಿ ಬಣ್ಣಾ ಬರ್ತದ. ಇವೆಲ್ಲಾ ಹರಳಿನ ಬ್ಯಾನಿಗಿಂತ ಹೊಸಾ ಲಕ್ಷಣ. ಹಿಂಗಾಗಿ ಏನೋ ಕೆಟ್ಟದ ಅಂತ ತಮ್ಮಷ್ಟಕ್ಕ ತೀರ್ಮಾನಾ ಮಾಡಿದ್ರು. ಮತ್ತೊಮ್ಮೆ ದವಾಖಾನಿ ಅಂದ್ರ ಮತ್ತೊಮ್ಮೆ ರೊಕ್ಕ. ಅದಕ್ಕ ಓಡಾಟ ಕಮ್ಮಿ ಆಗಲಿ ಅಂತ ದಿನಕ್ಕ ಎರಡು ಲೋಟಾ ನೀರಿಗೆ ಬಂದು ನಿಂತಿದ್ರು. ಒಳಗ ಒಂದು ನಳಿ ಅದ ಅನ್ನೋದು ಅವರಿಗೆ ಗೊತ್ತೇ ಇರಲಿಲ್ಲ. ಕಾರ್ಡು ತಗದು ಓದಿ ಹೇಳಿದಾಗ ಮೊದಲ ಸಿಟ್ಟಿಗೆದ್ರು, ಆಮ್ಯಾಲೆ ನಕ್ಕರು. ಡಿಜೆ ಅಂದ್ರ ಮದಿವಿ ಮೆರವಣಿಗ್ಯಾಗ ಕಿವಿ ಕಿತ್ತುಹೋಗೋ ಹಂಗ ಹಚ್ಚತಾರಲ್ಲ ಅದೇನು ಅಂತ ಕೇಳಿದ್ರು!

ಅದು ಡಬಲ್ ಜೆ. ಇಂಗ್ಲಿಷಿನ ಜೆ ಅಕ್ಷರದಂಗ ಎರಡೂ ತುದಿ ಸುತ್ತಿಕೊಂಡಿರೋ ಮೆತ್ತನ್ನ ಪ್ಲಾಸ್ಟಿಕ್ ನಳಿ. ಕಿಡ್ನಿಯಿಂದ ಮೂತ್ರದ ಚೀಲಕ್ಕ ಬರೋ ದಾರಿ ಸುಮಾರು 25 ಸೆಂಟಿಮೀಟರ್ ಉದ್ದ, 3-4 ಮಿಲಿಮೀಟರ್ ಅಗಲ, ಅಷ್ಟ. ಹರಳು ಸಿಕ್ಕೊಂಡಿದ್ದ ಜಾಗಾ, ದುರ್ಬೀನು ಹೋಗಿಬಂದ ಜಾಗಾ ಒಳಗ ಬಾತಿರ್ತದ. ಬಾತು ದಾರಿ ಮುಚ್ಚಿದ್ರ ಮೂತ್ರ ಕಿಡ್ನ್ಯಾಗ ನಿಂತು ಬ್ಯಾನಿ, ಸೋಂಕು ಎಲ್ಲಾ ಶುರು ಆಗ್ತದ. ಬಾವು ಇಳಿಯೋತನಕ ದಾರಿ ತೆರದಿರಲಿ ಅಂತ ನಳಿ ಇಡ್ತಾರ. ಮ್ಯಾಲಿನ ಸುರುಳಿ ಕಿಡ್ನ್ಯಾಗ, ಕೆಳಗಿನ ಸುರುಳಿ ಮೂತ್ರದ ಚೀಲದಾಗ. ಮೊದಲ ನೆಟ್ಟಗಿನ ನಳಿ ಹಾಕ್ತಿದ್ರಂತ, ಅದು ಜಾರತಿತ್ತು. 1978ರಾಗ ಅಮೆರಿಕಾದ ಡಾಕ್ಟರ್ ರಾಯ್ ಫಿನ್ನಿ ಎರಡೂ ತುದಿಗೆ ಸುರುಳಿ ಇರೋ ನಳಿ ಬಗ್ಗೆ ಬರೆದ್ರು, ಆವಾಗಿಂದ ಈ ಹೆಸರು. ಹರಳಿಗೆ ಅಷ್ಟ ಹಾಕ್ತಾರಂತಲ್ಲ. ಬಸುರಿದ್ದಾಗ ಕಿಡ್ನಿ ಬಾತ್ರ, ಕಿಡ್ನ್ಯಾಗ ಕೀವು ತುಂಬಿದ್ರ, ಗರ್ಭಕೋಶದ ಆಪರೇಶನ್‌ನಾಗ ಆ ದಾರಿಗೆ ಪೆಟ್ಟಾದ್ರ, ಗರ್ಭಕೋಶದ ಕೊರಳಿನ ಕ್ಯಾನ್ಸರ್ ಗಡ್ಡಿ ದಾರಿ ಒತ್ತಿದ್ರ ಸೈತ ಹಾಕ್ತಾರ.

ಈಗ ವೈನಿಗೆ ಆದ ತ್ರಾಸಿನ ವಿಷಯ. ಅದರಾಗ ಒಂದೂ ವಿಚಿತ್ರ ಇರಲಿಲ್ಲ. ನಳಿ ಹಾಕಿಸಿಕೊಂಡ ಭಾಳ ಮಂದಿಗೆ ಹಿಂಗ ಆಗ್ತದ. ಕೆಳಗಿನ ಸುರುಳಿ ಚೀಲದ ಒಳಗೋಡಿಗೆ ತಾಗತಿರ್ತದ, ಚೀಲಕ್ಕ ತಾ ತುಂಬೇನಿ ಅನಸ್ತದ. ಹೋಗಿ ಬಂದು ಐದು ನಿಮಿಷಕ್ಕ ಮತ್ತ ಹೋಗಬೇಕು ಅನ್ನಿಸೋದು, ಪೂರ್ತಿ ಆಗಿಲ್ಲ ಅನ್ನಿಸೋದು, ಮುಟ್ಟೋದರೊಳಗ ಎರಡು ಹನಿ ಸೀರಿಗೆ ಬೀಳೋದು, ಕಡೀಕ ಉರಿಯೋದು ಎಲ್ಲಾ ಅದರದೇ ಕೆಲಸ. ಮಗ್ಗಲು ಬ್ಯಾನಿ ಯಾಕ ಅಂದ್ರ, ದೇವರು ಆ ದಾರಿಗೆ ಚೀಲದ ಹತ್ರ ಒಂದು ಬಾಗಲಾ ಇಟ್ಟಂಗ ಇಟ್ಟಾನ. ಚೀಲ ಹಿಂಡಿದಾಗ ಮೂತ್ರ ಕೆಳಗ ಹೋಗ್ತದ, ಹಿಂದಕ್ಕ ಮ್ಯಾಲೆ ಹೋಗಗೊಡಂಗಿಲ್ಲ. ನಳಿ ಇದ್ದಾಗ ಬಾಗಲಾ ಮುಚ್ಚಲಿಕ್ಕೆ ಬರಂಗಿಲ್ಲ, ಥೋಡೆ ಮೂತ್ರ ಮ್ಯಾಲೆ ಕಿಡ್ನಿ ಕಡೆ ತಿರುಗ್ತದ. ಅದ ಆ ಚಳಕು. ಇಷ್ಟು ತಿಳದಮ್ಯಾಲೆ ವೈನಿಗೆ ಬ್ಯಾನಿ ಹೋಗಲಿಲ್ಲ, ಅಂಜಿಕಿ ಹೋತು. ರಾತ್ರಿ ನಿದ್ದಿ ಹತ್ತಿತು.

ನೀರು ತಿಳಿಗುಲಾಬಿ ಬರೋದು, ನಡುವ ಒಂದೊಂದು ದಿನಾ ಪೂರ್ತಿ ತಿಳಿಯಾಗಿ ಮತ್ತ ಕೆಂಪು ಕಾಣೋದು, ಇದೂ ನಳಿ ಇರೋತನಕ ಇರ್ತದ. ಹೆಚ್ಚು ಓಡಾಡಿದ ದಿನಾ ಹೆಚ್ಚು. ಕೂತು, ನೀರು ಕುಡದು ಸ್ವಲ್ಪ ಹೊತ್ತಾದ್ರ ತಿಳಿ ಆಗ್ತದ. ನಮಗ ಹೆಂಗಸರಿಗೆ ಇದರಾಗ ಇನ್ನೊಂದು ಫಜೀತಿ, ಮುಟ್ಟಿನ ದಿನಾ ಇದ್ರ ಯಾವುದು ಯಾವುದರ ರಕ್ತ ಅಂತ ತಿಳಿಯಂಗಿಲ್ಲ. ಡಾಕ್ಟರು ಗಂಡಸ ಇದ್ರ ಬಾಯಿಬಿಟ್ಟು ಕೇಳಂಗಿಲ್ಲ. ಸಿಸ್ಟರಿಗೆ ಕೇಳ್ರಿ. ಗಂಡಹೆಂಡತಿ ಕೂಡೋದಕ್ಕ ಸಾದಾ ಸ್ಟೆಂಟ್ ಇದ್ರ ಅಡ್ಡಿ ಇಲ್ಲ ಅಂತಾರ. ಕೆಲವು ಸ್ಟೆಂಟಿಗೆ ಎಳದು ತೆಗಿಲಿಕ್ಕೆ ಒಂದು ಧಾರ ಹೊರಗ ಬಿಟ್ಟಿರ್ತಾರ, ಅದಿದ್ರ ಮಾತ್ರ ಜ್ವಾಕಿ, ಎಳದು ಹೊರಗ ಬರಬಾರದು. ಇದನ್ನೂ ಸಿಸ್ಟರಿಗೆ ಕೇಳಬಹುದು, ನಾಚಿಕಿ ಏನಿಲ್ಲ.

ಎಲ್ಲಾದಕ್ಕಿಂತ ನನಗ ತಲಿಬಿಸಿ ಮಾಡೋದು ನೀರಿನ ಮಾತು. ನಮ್ಮ ಕಡೆ ಆಪರೇಶನ್ ಅಂದ್ರ ಬಾಣಂತನದ ಲೆಕ್ಕಾನ. ಹಸೀ ಮೈ, ನೀರು ಹೆಚ್ಚು ಕುಡೀಬಾರದು, ನಂಜು ಆಗ್ತದ, ಬದನಿಕಾಯಿ ಬ್ಯಾಡ, ಮೊಸರು ಬ್ಯಾಡ. ಹಿರ್ಯಾರು ಕಾಳಜೀಲೆನ ಹೇಳ್ತಾರ, ಆದ್ರ ಈ ಆಪರೇಶನ್ನಿಗೆ ಅದು ಉಲ್ಟಾ. ನೀರು ಕಮ್ಮಿ ಆದಷ್ಟೂ ಮೂತ್ರ ಗಟ್ಟಿಯಾಗಿ ಉರಿ ಹೆಚ್ಚಾಗ್ತದ, ಸೋಂಕು ಲಗೂನ ಹಿಡೀತದ, ನಳಿ ಮ್ಯಾಲೆ ಖಾರ ಕಟ್ಟಿಕೊಳ್ಳಲಿಕ್ಕೆ ದಾರಿ ಆಗ್ತದ. ದಿನಕ್ಕ ಎರಡು, ಎರಡೂವರಿ ಲೀಟರ್, ಗಂಟಗಂಟಲೆ ಒಮ್ಮೆಲೇ ಅಲ್ಲ, ಸ್ವಲ್ಪಸ್ವಲ್ಪ ಇಡೀ ದಿನಾ. ಬಣ್ಣಾ ತಿಳಿ ಹಳದಿ ಇದ್ರ ಸಾಕಾಗ್ಯದ ಅಂತ ಲೆಕ್ಕ. ಮಲಗೋಕಿಂತ ಎರಡು ತಾಸು ಮೊದಲ ಕಮ್ಮಿ ಮಾಡಿದ್ರ ರಾತ್ರಿ ಏಳೋದು ಥೋಡೆ ತಪ್ಪತದ. ಹಾರ್ಟ್ ತ್ರಾಸು ಇದ್ದವರು, ಕಿಡ್ನಿ ಸೋತವರು ಮಾತ್ರ ಎಷ್ಟು ಕುಡೀಬೇಕಂತ ಡಾಕ್ಟರಿಗೇ ಕೇಳಬೇಕು. ಮಜ್ಜಿಗಿ, ಎಳನೀರು, ಹುರಳಿ ಕಟ್ಟಿನ ಸಾರು ಸೇರಿದ್ರ ಕುಡೀರಿ. ಆದ್ರ ನಮ್ಮ ಓಣ್ಯಾಗ ಒಬ್ಬರು, ಹುರಳಿ ಕಟ್ಟು ಕುಡದ್ರ ಆ ನಳಿ ತಾನ ಕರಗಿ ಹೋಗ್ತದ, ದವಾಖಾನಿ ಯಾಕ ಅಂದ್ರು. ಪ್ಲಾಸ್ಟಿಕ್ ಕರಗೋ ಹುರಳಿ ನಾ ಇನ್ನೂ ಕಂಡಿಲ್ಲ.

ಕೆಲಸದ ಮಾತು. ಹೊಟ್ಟಿ ಮ್ಯಾಲೆ ಹೊಲಿಗಿ ಕಾಣಂಗಿಲ್ಲ, ಪಟ್ಟಿ ಇಲ್ಲ, ಹಿಂಗಾಗಿ ಮನ್ಯಾಗಿನವರ ಕಣ್ಣಿಗೆ ಅಕಿ ಅರಾಮ ಇದ್ದಂಗ ಕಾಣ್ತಾಳ. ನಾಲ್ಕನೇ ದಿನಾ ಒಲಿ ಮುಂದ ಕೂಡಸ್ತಾರ. ನಡದಾಡಬಹುದು, ಜಳಕಾ ಮಾಡಬಹುದು, ಮೆಟ್ಟಲಾ ಹತ್ತಬಹುದು, ಹಗರಕ ಕೆಲಸ ಮಾಡಬಹುದು, ಇದೆಲ್ಲಾ ಖರೆ. ಆದ್ರ ಬಗ್ಗಿ ಬಗ್ಗಿ ಕಸಾ ಹೊಡಿಯೋದು, ಕುಕ್ಕರಗಾಲಿನ್ಯಾಗ ಕೂತು ಅರಬಿ ಒಗಿಯೋದು, ನೀರಿನ ಕೊಡಾ ಎತ್ತೋದು ಮಾಡಿದಾಗ ನಳಿ ಒಳಗ ಅಲ್ಲಾಡಿ ಬ್ಯಾನಿನೂ ರಕ್ತನೂ ಹೆಚ್ಚಾಗ್ತದ. ತುಂಬಿದ ಗ್ಯಾಸ್ ಸಿಲಿಂಡರ್ 30 ಕಿಲೋದ ಹತ್ತಿರ ಇರ್ತದ, ಅದನ್ನ ಸರಸಾಕ ಗಂಡಸರನ್ನ ಕರೀರಿ, ಅವರು ಟಿವಿ ಮುಂದಿಂದ ಏಳಲಿ. ಮಲಬದ್ಧತಿ ಆಗಗೊಡಬ್ಯಾಡ್ರಿ, ತಿಣುಕಿದ್ರ ಚೀಲದ ತ್ರಾಸು ಹೆಚ್ಚು. ಪಪ್ಪಾಯಿ, ಬಾಳಿಹಣ್ಣು, ಕಾಯಿಪಲ್ಯ ತಿನ್ರಿ. ದೂರದ ಬಸ್ ಪ್ರಯಾಣಾ, ಮದಿವಿ ಮನಿ ಆ ಎರಡು ಮೂರು ವಾರ ಬಿಟ್ರ ಯಾರೂ ಸಿಟ್ಟಾಗಂಗಿಲ್ಲ. ಸಿಟ್ಟಾದ್ರ ಆಗಲಿ. ನಮ್ಮ ಬಸ್ ಸ್ಟ್ಯಾಂಡಿನ ಸಂಡಾಸ ನೆನಸಿಕೊಂಡ ನಾವು ಮುಂಜಾನಿಂದ ನೀರು ಕುಡಿಯೋದು ಬಿಡ್ತೀವಿ, ಅದು ಸಾದಾ ದಿನದಾಗನೂ ಛಲೋ ಅಲ್ಲ.

ಗುಳಗಿ ವಿಷಯದಾಗ ಒಂದು ಮಾತು ಹೇಳಲೇಬೇಕು. ಈ ತ್ರಾಸಿಗೆ ಟ್ಯಾಮ್ಸುಲೋಸಿನ್ ಅನ್ನೋ ಗುಳಗಿ ಬರದು ಕೊಡೋದು ಭಾಳ. ಅದರ ಡಬ್ಬಿ ಒಳಗಿನ ಚೀಟ್ಯಾಗ, ಮೊಬೈಲಿನ್ಯಾಗ ನೋಡಿದ್ರ, ಗಂಡಸರ ಪ್ರಾಸ್ಟೇಟಿನ ಔಷಧ ಅಂತ ಇರ್ತದ. ಅದನ್ನ ಓದಿ, ತಪ್ಪು ಗುಳಗಿ ಕೊಟ್ಟಾರ ಅಂತ ಬಿಟ್ಟವರನ್ನ ನಾ ನೋಡೀನಿ. ಅದು ಆ ದಾರಿಯ ಸ್ನಾಯು ಸಡಲ ಮಾಡ್ತದ, ಅದಕ್ಕ ಹೆಂಗಸರಿಗೂ ಕೊಡ್ತಾರ. ತಗೊಂಡ ಹೊಸದಾಗಿ ಗಕ್ಕನ ಎದ್ದು ನಿಂತ್ರ ತಲಿ ತಿರುಗಬಹುದು, ಸಾವಕಾಶ ಏಳ್ರಿ. ಚೀಲದ ಅವಸರ ಕಮ್ಮಿ ಮಾಡಲಿಕ್ಕೆ ಸೋಲಿಫೆನಾಸಿನ್ ಅಂತ ಇನ್ನೊಂದು ಕೊಡ್ತಾರ, ಅದಕ್ಕ ಬಾಯಿ ಒಣಗತದ. ಉರಿಗೆ ಕೊಡೋ ಒಂದು ತರದ ಗುಳಗಿಗೆ ಮೂತ್ರ ಕೇಸರಿ ಬಣ್ಣಾ ಆಗ್ತದ, ಅದನ್ನ ರಕ್ತ ಅಂತ ಅಂಜಬ್ಯಾಡ್ರಿ. ಇಷ್ಟು ಮಾತು ಕೌಂಟರಿನ್ಯಾಗ ಗುಳಗಿ ಕೊಡೋವಾಗ ಯಾರರೆ ಒಬ್ಬರು ಹೇಳಿದ್ರ ಎಷ್ಟೋ ಗುಳಗಿ ಕಸದಾಗ ಬೀಳೋದು ತಪ್ಪತದ. ಮತ್ತ ಮನ್ಯಾಗ ಮೊಣಕಾಲಿಗಂತ ಇಟ್ಟಿರೋ ಬ್ಯಾನಿ ಗುಳಗಿ ಕೇಳದ ನುಂಗಬ್ಯಾಡ್ರಿ, ಡೈಕ್ಲೋಫೆನಾಕ್‌ನಂಥಾವು ಸೋತ ಕಿಡ್ನಿಗೆ ಪೆಟ್ಟು ಹಾಕ್ತಾವ.

ತ್ರಾಸು ಸಹಜ ಅಂತ ಇಷ್ಟೊತ್ತು ಹೇಳಿದೆ. ಸಹಜ ಅಲ್ಲದ್ದು ಯಾವುದು ಅನ್ನೋದು ಅಷ್ಟೇ ದೊಡ್ಡ ಅಕ್ಷರದಾಗ ಗೊತ್ತಿರಬೇಕು. ಚಳಿ ನಡುಕಾ ಬಂದು ಜ್ವರ 100.4 ಡಿಗ್ರಿ ದಾಟಿದ್ರ ಆವಾಗಿಂದಾವಾಗ ದವಾಖಾನಿಗೆ ಹೋಗಬೇಕು, ರಾತ್ರಿ ಹನ್ನೆರಡಾಗಿದ್ರೂ. ಪ್ಯಾರಾಸಿಟಮಾಲ್ ಕೊಟ್ಟು, ಹಣಿಗೆ ಒದ್ದಿ ಅರಬಿ ಹಚ್ಚಿ, ಬೆಳಗಾಗಲಿ ನೋಡೋಣ ಅನ್ನೋದು ಈ ಜ್ವರಕ್ಕ ನಡಿಯಂಗಿಲ್ಲ. ನಳಿ ಇರೋ ಕಿಡ್ನ್ಯಾಗ ಸೋಂಕು ಹತ್ತಿದ್ರ ಅದು ರಕ್ತಕ್ಕ ಇಳಿಲಿಕ್ಕೆ ಭಾಳ ಹೊತ್ತು ಬೇಕಾಗಿಲ್ಲ. ಮೂತ್ರ ಪೂರ್ತಿ ನಿಂತ್ರ, ಗಟ್ಟಿ ಕೆಂಪು ರಕ್ತ ಗಡ್ಡಿ ಗಡ್ಡಿ ಬಂದ್ರ, ಗುಳಗಿಗೂ ಬಗ್ಗದ ಬ್ಯಾನಿ ಬಂದ್ರ, ವಾಂತಿ ನಿಲ್ಲದಿದ್ರ ಕೂಡ ಹಂಗ. ಒಂದೇ ಸವನ ಮೂತ್ರ ಸೋರಲಿಕ್ಕೆ ಹತ್ತಿದ್ರ, ಇಲ್ಲಾ ನಳಿ ತುದಿ ಹೊರಗ ಕಂಡ್ರ ಅದು ಜಾರ್ಯದ ಅಂತ ತಿಳಕೊಂಡು ಫೋನ್ ಮಾಡ್ರಿ.

ಇನ್ನ ಮರತುಬಿಟ್ಟವರ ಕಥಿ. ಪರಿಚಯದವರ ಅತ್ತಿಯವರಿಗೆ ನಳಿ ಹಾಕಿ ಕಳಿಸಿದ್ರು. ಡಾಕ್ಟರ ಮಾತು ಕೇಳಿದ್ದ ಮಗಾ ನೌಕರಿಗಂತ ಪುಣೆಕ್ಕ ಹೋದ. ಅತ್ತಿಯವರು ಮಗಳ ಊರಿಗೆ ಹೋದ್ರು, ಫೈಲು ಇಲ್ಲೇ ಟ್ರಂಕಿನ್ಯಾಗ ಉಳೀತು. ಮೊದಲ ಉರಿ ಇತ್ತು, ಎರಡು ತಿಂಗಳಿಗೆ ಅದೂ ಕಮ್ಮಿ ಆತು. ಇದರ ಕೆಟ್ಟತನ ಇಲ್ಲೇ ಅದ ನೋಡ್ರಿ. ಮೈ ಹೊಂದಿಕೊಂಡು ಸುಮ್ಮನಾಗ್ತದ, ಒಳಗ ನಳಿ ಸುತ್ತ ಹರಳು ಕಟ್ಟತಿರ್ತದ. ಎರಡು ವರ್ಷಕ್ಕ ಜ್ವರ ಬಂದು ಎಕ್ಸರೇ ತಗಸಿದಾಗ ಎರಡೂ ತುದಿಗೆ ಲಿಂಬಿಹಣ್ಣಿನಂಥಾ ಕಲ್ಲು. ಎಳದ್ರ ಬರೋ ಹಂಗಿಲ್ಲ, ಹಳೇ ಪ್ಲಾಸ್ಟಿಕ್ ಮುರೀತದ. ಐದು ನಿಮಿಷದ ಕೆಲಸಕ್ಕ ಮೂರು ಆಪರೇಶನ್ ಆದ್ವು, ಆ ಕಡೆ ಕಿಡ್ನಿ ಕೆಲಸ ಮಾಡೋದು ಹೆಚ್ಚುಕಡಿಮಿ ನಿಂತಿತ್ತು. ಸಾದಾ ನಳಿ ಮೂರು ತಿಂಗಳ ಒಳಗ ತೆಗೀತಾರ, ಇಲ್ಲಾ ಹೊಸಾದು ಬದಲಾಯಿಸ್ತಾರ. ಕೆಲವು ತರದ್ದು ಹೆಚ್ಚು ದಿನಾ ಇಡಬಹುದು, ಅದು ಯಾವ ತರದ್ದು, ಎಷ್ಟು ದಿನಾ ಅಂತ ಹಾಕಿದವರ ಬಾಯಿಂದ ಕೇಳಬೇಕು. ಬಸುರಿಯರಿಗೆ ಹರಳು ಲಗೂನ ಕಟ್ಟತದ, ಅವರದು ಇನ್ನೂ ಲಗೂನ ಬದಲಿ ಮಾಡ್ತಾರ.

ಆ ಅತ್ತಿಯವರನ್ನ ಎಲ್ಲರೂ ಬೈದ್ರು, ‘ನಿಮಗರೆ ನೆನಪಿರಬಾರದೇನು’ ಅಂತ. ಗೊತ್ತಿದ್ರ ತಾನ ನೆನಪಿಡೋದು?

ಡಾಕ್ಟರ ಕಡೆಯವರು ಇದಕ್ಕ ಎರಡು ಮಾತು ಹೇಳ್ತಾರ. ಒಂದು, ಪುರಸೊತ್ತಿಲ್ಲ. ಹೌದು, ಹೊರಗ ಬೆಂಚಿನ ತುಂಬ ಮಂದಿ ಕಾಯತಿರ್ತಾರ, ನಾನೂ ಕೂತು ನೋಡೀನಿ. ಆದ್ರ ಇದನ್ನ ದೊಡ್ಡ ಡಾಕ್ಟರ ಹೇಳಬೇಕಂತಿಲ್ಲ, ಸಲೈನ್ ಸೂಜಿ ತೆಗಿಯೋ ಸಿಸ್ಟರ್ ಐದು ನಿಮಿಷದಾಗ ಹೇಳಬಹುದು. ನಿಮ್ಮೊಳಗ ನಳಿ ಅದ, ಇಂಥಾ ತ್ರಾಸು ಆಗ್ತದ, ಇಂಥಾದ್ದು ಆದ್ರ ಓಡಿ ಬರ್ರಿ, ಇಂಥಾ ತಾರೀಖಿಗೆ ತೆಗೀತೀವಿ. ನಾಲ್ಕು ಮಾತು. ಆಮ್ಯಾಲೆ, ‘ಈಗ ನೀವು ಹೇಳ್ರಿ ನೋಡೋಣ’ ಅಂತ ಅಕಿ ಬಾಯಿಂದ ಒಮ್ಮೆ ಹೇಳಿಸಿದ್ರ ಮುಗೀತು. ಎರಡನೇದು, ಎಲ್ಲಾ ಹೇಳಿದ್ರ ಪೇಶಂಟ್ ಅಂಜತಾರ ಅಂತ. ಇದನ್ನ ನಾ ಒಪ್ಪಂಗಿಲ್ಲ. ನಮ್ಮ ವೈನಿ ಹೇಳದ ಇದ್ದದ್ದಕ್ಕ ಆರು ದಿನಾ ಅಂಜಿದ್ರು. ಎರಡೆರಡು ಹಡದು, ಹೊಲದಾಗ ದುಡದು, ಅತ್ತಿ ಮಾವನ ಜಡ್ಡು ಜಾಪತ್ರಿ ನೋಡಿದ ಹೆಣ್ಣುಮಗಳು ಒಂದು ಪ್ಲಾಸ್ಟಿಕ್ ನಳಿ ಹೆಸರು ಕೇಳಿ ಅಂಜತಾಳೇನು?

ಇನ್ನ ನಮ್ಮ ಮನಿಯವರ ಪಾಲಿಂದೂ ಅದ. ಡಿಸ್ಚಾರ್ಜ್ ಆಗೋವಾಗ ಡಾಕ್ಟರು ಗಂಡಸರ ಮುಖಾ ನೋಡಿ ಮಾತಾಡಲಿಕ್ಕೆ ಶುರು ಮಾಡಿದ್ರ, ‘ಥೋಡೆ ತಡೀರಿ, ಅಕಿ ಬರಲಿ’ ಅನ್ನೋದು ಅಷ್ಟು ಕಷ್ಟದ ಮಾತಲ್ಲ. ಮನ್ಯಾಗ ಅಡಗಿ ಮಾಡಿ ಹಾಕಿ ನೋಡಿಕೊಳ್ಳೋ ಹೆಣ್ಣುಮಕ್ಕಳು ಯಾರೋ ಅವರೂ ಅಲ್ಲೇ ನಿಂದರಬೇಕು. ತೆಗಿಯೋ ತಾರೀಖು ‘ಮೂರು ವಾರದ ನಂತರ’ ಅಂತ ಬರಸಿಕೋಬ್ಯಾಡ್ರಿ, ದಿನಾ, ತಾರೀಖು, ವಾರ ಕೇಳಿ ಬರಸಿಕೋರಿ. ಮನಿಗೆ ಬಂದಕೂಡ್ಲೆ ಗ್ವಾಡಿ ಮ್ಯಾಲಿನ ಕ್ಯಾಲೆಂಡರಿನ್ಯಾಗ, ಶಾಬಾದಿಮಠ ಇರಲಿ, ಕಾಲನಿರ್ಣಯ ಇರಲಿ, ಆ ಮನ್ಯಾಗ ಹಾಲಿನ ಲೆಕ್ಕಾ, ಗ್ಯಾಸಿನ ತಾರೀಖು ಬರಿಯೋ ಪುಟದಾಗನ ಕೆಂಪು ಪೆನ್ನಿಲೆ ಬರೀರಿ. ಏಕಾದಶಿ, ಸಂಕಷ್ಟಿ ತಪ್ಪಸದ ನೋಡೋ ನಮ್ಮ ಕಣ್ಣಿಗೆ ಅದು ತಪ್ಪಂಗಿಲ್ಲ. ಮಗನ ಮೊಬೈಲಿನ್ಯಾಗ ಅಲಾರಂ ಇಟ್ರ ಮೊಬೈಲು ಮಗನ ಜೋಡಿ ಪುಣೆಕ್ಕ ಹೋಗ್ತದ.

ರೊಕ್ಕದ ಮಾತು ಮೊದಲನೇ ದಿನಾನ ಕೇಳ್ರಿ, ತೆಗಿಯೋ ಖರ್ಚು ಈ ಬಿಲ್ಲಿನ್ಯಾಗ ಬಂತೋ, ಬ್ಯಾರೆ ಕೊಡಬೇಕೋ ಅಂತ. ಯೋಜನಾದ ಕಾರ್ಡಿನ ಮ್ಯಾಲೆ ಆಪರೇಶನ್ ಆಗಿದ್ರೂ ಕೇಳ್ರಿ. ಬ್ಯಾನಿ ಇಲ್ಲ, ಕೈಯಾಗ ರೊಕ್ಕಾ ಇಲ್ಲ, ಮುಂದಿನ ತಿಂಗಳಾ ಹೋದ್ರಾತು ಅಂತ ಮುಂದ ಹಾಕೋರೇ ಮರೆಯೋದು.

ತೆಗಿಯೋದಕ್ಕ ಭಾಳ ಮಂದಿ ಅಂಜತಾರ, ಮತ್ತೊಂದು ಆಪರೇಶನ್ ಅಂತ. ಕೊಯ್ಯೋದಿಲ್ಲ. ಮೂತ್ರದ ದಾರಿಗೆ ಜುಮುಜುಮು ಆಗೋ ಜೆಲ್ ಹಚ್ಚಿ, ಸಣ್ಣ ದುರ್ಬೀನು ಹಾಕಿ, ಚಿಮಟಿಗೀಲೆ ಹಿಡದು ಎಳೀತಾರ. ಭಾಳ ಮಂದಿಗೆ ಎಚ್ಚರ ಇದ್ದಾಗನ ಕೆಲವೇ ನಿಮಿಷದಾಗ ಮುಗೀತದ. ನಮ್ಮ ಮೂತ್ರದ್ವಾರದ ದಾರಿ 4 ಸೆಂಟಿಮೀಟರಿನಷ್ಟ, ಗಂಡಸರಿಗಿಂತ ನಮಗ ಇದು ಹಗುರ. ದೇವರು ಒಂದರೆ ನಮ್ಮ ಕಡೆ ನೋಡ್ಯಾನ! ಹೋಗೋವಾಗ ಜ್ವರ, ವಿಪರೀತ ಉರಿ ಇದ್ರ ಮೊದಲ ಹೇಳ್ರಿ, ರಕ್ತ ತೆಳ್ಳಗ ಮಾಡೋ ಗುಳಗಿ ತಗೋತಿದ್ರ ಅದನ್ನೂ. ತೆಗೆದಮ್ಯಾಲೆ ಒಂದೆರಡು ದಿನಾ ಉರಿ, ತಿಳಿಗುಲಾಬಿ ನೀರು ಇರ್ತದ, ಅದೇ ದಿನಾ ಮಗ್ಗಲಿಗೆ ಒಮ್ಮೆ ಜೋರು ಬ್ಯಾನಿನೂ ಬರಬಹುದು. ನೀರು ಕುಡದು ಮಲಕ್ಕೋರಿ, ಕಮ್ಮಿ ಆಗದಿದ್ರ ಇಲ್ಲಾ ಜ್ವರ ಬಂದ್ರ ತಿರುಗಿ ಹೋಗ್ರಿ.

ತೆಗೆದ ನಳಿ ತೋರಸ್ರಿ ಅಂತ ಕೇಳ್ರಿ. ವೈನಿ ಕೇಳಿ ನೋಡಿದ್ರು, ನೀಲಿ ಬಣ್ಣದ್ದು, ಕಾಲಾಗಿನ ದಾರದಂಗ ಸಣ್ಣದು, ‘ಇಷ್ಟು ಸಣ್ಣದು ಅಷ್ಟು ಕಾಡಿತೇನು’ ಅಂದ್ರು. ಎರಡೂ ಕಿಡ್ನಿಗೆ ಹಾಕಿದ್ದಿದ್ರ ಎರಡೂ ಬಂದ್ವೇನು ಅಂತ ಎಣಿಸಿಕೋರಿ. ಕಾರ್ಡಿನ ಮ್ಯಾಲೆ ‘ತೆಗೆದಿದೆ’ ಅಂತ ತಾರೀಖು ಹಾಕಿಸಿ, ಸಹಿ ಮಾಡಿಸಿಕೊಂಡು, ಕಾರ್ಡು ನಿಮ್ಮ ಕೈಯಾಗ ಹಿಡಕೊಂಡು ಮನಿಗೆ ಬರ್ರಿ.